ಸ್ಪಷ್ಟನೆ: ನೀರು ಕಾಯಿಸುವ ರಾಡ್ ಹಾಕಿದ ಬಕೆಟ್ಟಿಗೆ ಬೆರಳು ಅದ್ದಬೇಡಿ

"ಪ್ಲಾಸ್ಟಿಕ್ ಬಕೆಟ್ ಆದರೆ ಶಾಕ್ ಹೊಡೆಯುವುದಿಲ್ಲ, ಕಣ್ಣು ಕಾಣದವರು ಬೆರಳು ಅದ್ದಿ ಬಿಸಿ ನೋಡಬಹುದು" ಎಂಬ ಧ್ವನಿ ಸಂದೇಶ ಚಿಕ್ಕಬಳ್ಳಾಪುರದ ನಮ್ಮ ಗೆಳೆಯರಲ್ಲಿ ಓಡಾಡುತ್ತಿದೆ. ಅದು ತಪ್ಪು. ಬಕೆಟ್ ವಿದ್ಯುತ್ ಹರಿಸದು, ಆದರೆ ಒಳಗಿನ ನೀರು ವಿದ್ಯುತ್ ಹರಿಸುತ್ತದೆ. ರಾಡಿನ ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ನೀರು ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಆ ಬಿರುಕು ಕಣ್ಣಿದ್ದವರಿಗೂ ಸುಲಭವಾಗಿ ಕಾಣುವುದಿಲ್ಲ.

ನಾನೂ ಅಂಧ, ಚಳಿಗಾಲದಲ್ಲಿ ದಿನವೂ ರಾಡ್ ಬಳಸುತ್ತೇನೆ. 1500 ವ್ಯಾಟ್ ರಾಡ್ 15 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 18 ನಿಮಿಷ ಬೇಕು. ಮೊಬೈಲಿನಲ್ಲಿ ಅಷ್ಟಕ್ಕೆ ಅಲಾರಂ ಇಟ್ಟು ದೂರ ಕೂರುತ್ತೇನೆ. ಆಮೇಲೆ ಒಣಗೈಯಲ್ಲಿ ಸ್ವಿಚ್ ಆರಿಸುತ್ತೇನೆ. ಬೆರಳಿಗೆ ತಿಳಿಯಲೆಂದು ಸ್ವಿಚ್ಚಿನ ಆಫ್ ತುದಿಗೆ ಅಮ್ಮನ ಸ್ಟಿಕ್ಕರ್ ಬಿಂದಿ ಅಂಟಿಸಿದ್ದೇನೆ. ಪ್ಲಗ್ ಕಿತ್ತು ಕೈಗೆ ಬಂದ ಮೇಲಷ್ಟೇ ನೀರು ಮುಟ್ಟುತ್ತೇನೆ.

ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಕಳುಹಿಸಿದ್ದರೆ ಇಂದೇ ಕರೆ ಮಾಡಿ ತಿಳಿಸಿ.