ಸ್ಪಷ್ಟನೆ: ಗಣಪ ಮಣ್ಣಿನದಾದರೆ ಸಾಲದು, ಬಣ್ಣವನ್ನೂ ನೋಡಿ

ಚಿಕ್ಕಬಳ್ಳಾಪುರದ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಗಣಪ ಮಣ್ಣಿನದಾದರೆ ಸಾಕು, ಬಣ್ಣ ಯಾವುದಿದ್ದರೂ ಕೆರೆಗೆ ತೊಂದರೆಯಿಲ್ಲ." ಇದರಲ್ಲಿ ಅರ್ಧ ಮಾತ್ರ ಸರಿ.

ಮಣ್ಣಿನ ಬದಲು ಗಣಪ ಮಾಡಲು ಬಳಸುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಜಿಪ್ಸಮ್ ಎಂಬ ಖನಿಜವನ್ನು ಕಾಯಿಸಿ ಮಾಡಿದ ಪುಡಿ. ನೀರು ಸೇರಿದರೆ ಅದು ಮತ್ತೆ ಗಟ್ಟಿಯಾಗುತ್ತದೆ, ಕೆರೆಯಲ್ಲಿ ಬೇಗ ಕರಗುವುದಿಲ್ಲ. ಹಸಿ ಮಣ್ಣು ಕರಗುತ್ತದೆ, ನಿಜ. ಆದರೆ ಹೊಳೆಯುವ ಬಣ್ಣದಲ್ಲಿ ಸೀಸ, ಕ್ರೋಮಿಯಂನಂಥ ವಿಷಕಾರಿ ಲೋಹ ಇದ್ದರೆ ಅವು ಎಲ್ಲಿಗೂ ಹೋಗುವುದಿಲ್ಲ. ಕೆರೆಯ ಹೂಳಿನಲ್ಲೇ ಉಳಿಯುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಕೂಡ ಮಣ್ಣಿನ ಜೊತೆಗೆ ಸಹಜ ಬಣ್ಣವನ್ನೇ ಬಳಸಿ ಅನ್ನುತ್ತದೆ.

ನಮ್ಮ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಚಿತ್ರಾವತಿ, ಉತ್ತರ ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟದ ಸುತ್ತಮುತ್ತಲೇ. ಆದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಮಗೆ ಕೆರೆಯೇ ಎಲ್ಲ. ದನಕರು ಕುಡಿಯುವುದೂ ಅದೇ ನೀರು ಅಲ್ವಾ?

"ಒಳಗೆ ಬೀಜ ಇಟ್ಟು ಮಾಡಿದ ಗಣಪನನ್ನು ಕೆರೆಗೆ ಬಿಟ್ಟರೆ ಗಿಡ ಬರುತ್ತದೆ" ಅನ್ನುವುದೂ ತಪ್ಪು. ಆಳದ ನೀರಿನಲ್ಲಿ ಬೀಜ ಕೊಳೆಯುತ್ತದೆ. ಬಕೆಟ್‌ನಲ್ಲಿ ಕರಗಿಸಿ, ಆ ಮಣ್ಣನ್ನು ಕುಂಡಕ್ಕೆ ಹಾಕಿ.

ಸಾಧ್ಯವಾದರೆ ಮಕ್ಕಳ ಕೈಯಲ್ಲೇ ಗಣಪ ಮಾಡಿಸಿ. ಬಣ್ಣಕ್ಕೆ ಅರಿಶಿನ, ಕೆಮ್ಮಣ್ಣು ಸಾಕು. ಸೊಂಡಿಲು ಸೊಟ್ಟಗಿದ್ದರೂ ಪರವಾಗಿಲ್ಲ. ಕೆರೆಯ ಮಣ್ಣನ್ನು ತಾನೇ ನಾದಿದ ಮಗು ಆ ಕೆರೆಗೆ ಕಸ ಸುರಿಯುವವರನ್ನು ಸುಮ್ನೆ ನೋಡುತ್ತಾ ನಿಲ್ಲುವುದಿಲ್ಲ ಎಂದು ನಾನು ನಂಬಿದ್ದೇನೆ. ಹಳೆಯ ಸಂದೇಶ ಕಳಿಸಿದ್ದರೆ, ದಯವಿಟ್ಟು ಇದನ್ನೂ ಅದೇ ಗುಂಪಿಗೆ ಕಳಿಸಿ.