ಬೇಕಾಗಿದ್ದಾರೆ: ಬೇರೆಯವರು ಕಲಿಸಿಕೊಟ್ಟ ಎಲೆಕ್ಟ್ರಿಷಿಯನ್

ಕುಶಲ ಕೆಲಸಗಾರರ ತೀವ್ರ ಕೊರತೆಯಿದೆ ಎಂಬ ಸುದ್ದಿ ಮತ್ತೆ ಬಂದಿದೆ. ಆಗಾಗ ಬರುವ ಸುದ್ದಿಯೇ ಆದ್ದರಿಂದ ಅದರಲ್ಲಿ ಏನಿತ್ತೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ: ತಜ್ಞರು ಕಳವಳ ವ್ಯಕ್ತಪಡಿಸಿದ್ದಾರೆ, ಉದ್ಯಮಿಗಳು ವಿಷಾದಿಸಿದ್ದಾರೆ, ಇಂದಿನ ಹುಡುಗರಿಗೆ ಮೈಬಗ್ಗಿಸಿ ದುಡಿಯುವ ಮನಸ್ಸಿಲ್ಲ ಎಂಬಲ್ಲಿಗೆ ಸಭೆ ಮುಗಿದಿದೆ. ಯಂತ್ರಗಳು ನಾಳೆ ಎಲ್ಲರ ಕೆಲಸವನ್ನು ನುಂಗಿದರೂ ಎಲೆಕ್ಟ್ರಿಷಿಯನ್ನನ ಕೆಲಸವನ್ನು ಮಾತ್ರ ನುಂಗಲಾರವು ಎಂದೂ ಯಾರೋ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಾರೆ. ಇಷ್ಟು ಭದ್ರವಾದ ಕೆಲಸವನ್ನು ಪಕ್ಕದ ಮನೆಯವರ ಮಗ ತಡಮಾಡದೆ ಕಲಿಯಬೇಕೆಂಬುದು ಸಭಿಕರೆಲ್ಲರ ಒಮ್ಮತದ ಅಭಿಪ್ರಾಯ.

ಸಣ್ಣದೊಂದು ಎಲೆಕ್ಟ್ರಿಕಲ್ ಗುತ್ತಿಗೆ ನಡೆಸುತ್ತ, ಎರಡು ತಿಂಗಳಿಂದ ಇಬ್ಬರು ಎಲೆಕ್ಟ್ರಿಷಿಯನ್ನರಿಗಾಗಿ ಹುಡುಕುತ್ತಿರುವ ನಾನು ಈ ಕಳವಳದಲ್ಲಿ ಮನಸಾರೆ ಭಾಗಿಯಾಗಿದ್ದೇನೆ. ಜಾಹೀರಾತು ಬರೆಯುವ ಕಲೆ ನನಗೆ ತಿಳಿಯದ ಕಾರಣ ಬಲ್ಲವರು ಬರೆದದ್ದನ್ನು ಓದಿದೆ. ವಯಸ್ಸು 22 ಮೀರಿರಬಾರದು, ಅನುಭವ 8 ವರ್ಷಕ್ಕೆ ಕಡಿಮೆಯಿರಬಾರದು ಎಂದಿತ್ತು ಒಂದರಲ್ಲಿ. ಅಂದರೆ ಅಭ್ಯರ್ಥಿಯು 14ನೇ ವಯಸ್ಸಿಗೇ ಏಣಿ ಹತ್ತಿರಬೇಕು. ಬಾಲಕಾರ್ಮಿಕ ಪದ್ಧತಿಯನ್ನು ಖಂಡಿಸುವ ಫಲಕ ಅದೇ ಕಚೇರಿಯ ಗೋಡೆಯ ಮೇಲೆ ತೂಗುತ್ತಿರುತ್ತದೆ ಎಂಬುದು ಬೇರೆ ಮಾತು. ಇನ್ನೊಬ್ಬರಿಗೆ ಸ್ವತಂತ್ರವಾಗಿ ಯೋಚಿಸಬಲ್ಲ, ಆದರೆ ಹೇಳಿದ್ದನ್ನಷ್ಟೇ ಮಾಡುವ ವ್ಯಕ್ತಿ ಬೇಕು. ಮತ್ತೊಂದು ಕಡೆ ಕುಟುಂಬದಂತಹ ವಾತಾವರಣವಿದೆ. ಕುಟುಂಬದಲ್ಲಿ ಓವರ್‌ಟೈಮ್ ಕೇಳುವ ಪದ್ಧತಿ ಇಲ್ಲವೆಂಬುದನ್ನು ಸೇರಿದ ಮೇಲೆ ತಿಳಿಸುತ್ತಾರೆ. ಸಂಬಳ ಯೋಗ್ಯತೆಗೆ ತಕ್ಕಂತೆ ಎಂದು ಎಲ್ಲರೂ ಬರೆದಿದ್ದಾರೆ, ಯಾರ ಯೋಗ್ಯತೆಗೆ ಎಂದು ಒಬ್ಬರೂ ಬರೆದಿಲ್ಲ.

ನನ್ನ ಜಾಹೀರಾತಿಗೂ ಅರ್ಜಿಗಳು ಬಂದವು. ಪರೀಕ್ಷೆಗೆಂದು ಒಂದು ಹಲಗೆಯ ಮೇಲೆ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ), ನಾಲ್ಕು ಪಾಯಿಂಟು, ಕರೆಂಟು ಸೋರಿದರೆ ಕಡಿಯುವ ಒಂದು ಆರ್‌ಸಿಸಿಬಿ ಜೋಡಿಸಿ, ಬೇಕೆಂದೇ ಒಂದು ಕಡೆ ಕರೆಂಟು ಮರಳುವ ನ್ಯೂಟ್ರಲ್ ತಂತಿಯನ್ನು ತಪ್ಪಾಗಿ ಅರ್ಥಿಂಗಿಗೆ ಸೇರಿಸಿಟ್ಟಿದ್ದೆ. ಲೋಡ್ (ಕರೆಂಟು ಎಳೆಯುವ ಉಪಕರಣ) ಹಾಕಿದೊಡನೆ ಆರ್‌ಸಿಸಿಬಿ ಟ್ರಿಪ್ ಆಗಿ ಕರೆಂಟು ಕಡಿಯುತ್ತಿತ್ತು. ಮೊದಲು ಬಂದವನ ಫೈಲು ಮದುವೆಯ ಆಲ್ಬಮ್ಮಿನಷ್ಟು ದಪ್ಪವಿತ್ತು. ಪ್ರಮಾಣಪತ್ರಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ, ಅಂದರೆ ಇನ್ಸುಲೇಷನ್ನಿನ ಮಹತ್ವ ಅವನಿಗೆ ತಿಳಿದಿತ್ತು. ಹಲಗೆಯನ್ನು ಎರಡು ನಿಮಿಷ ದಿಟ್ಟಿಸಿ, "ಸರ್, ಇದು ಸುಮ್ಮನೆ ತೊಂದರೆ ಕೊಡ್ತಾ ಇದೆ, ತೆಗೆದುಬಿಟ್ಟು ಡೈರೆಕ್ಟ್ ಕೊಡೋಣ" ಎಂದ. 30 ಮಿಲಿ ಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿದು ಜೀವ ಉಳಿಸುವ ಸಾಧನವೊಂದು ತನ್ನ ಕರ್ತವ್ಯ ನಿರ್ವಹಿಸಿದ ತಪ್ಪಿಗೆ ಹೀಗೆ ಕೆಲಸ ಕಳೆದುಕೊಂಡಿತು.

ಇನ್ನೊಬ್ಬನ ಬಳಿ ಫೈಲೇ ಇರಲಿಲ್ಲ. ಅವನು ಮಾತಾಡುವ ಮೊದಲು ಜೇಬಿನಿಂದ ಟೆಸ್ಟರ್ ತೆಗೆದು, ಕರೆಂಟು ಇರುವ ಗೋಡೆಯ ಪಾಯಿಂಟಿನಲ್ಲಿ ಇಟ್ಟು ದೀಪ ಹೊತ್ತುವುದನ್ನು ನೋಡಿದ. ಹಲಗೆಯ ಮೇನ್ ಆಫ್ ಮಾಡಿ ಅದರ ಮೇಲೆ ಇಟ್ಟು ಹೊತ್ತದಿರುವುದನ್ನು ನೋಡಿದ. ಮತ್ತೆ ಹೋಗಿ ಮೊದಲಿನ ಪಾಯಿಂಟಿನಲ್ಲಿ ಇಟ್ಟು ನೋಡಿದ. ನಡುವೆ ಟೆಸ್ಟರೇ ಕೆಟ್ಟಿದ್ದರೆ ಅದು ತಿಳಿಯಬೇಕಲ್ಲ! ಈ ಮೂರು ಹೆಜ್ಜೆಗಳನ್ನು ಯಾರೋ ಅವನ ತಲೆಗೆ ಮೊಟಕಿ ಮೊಟಕಿ ಕಲಿಸಿರಬೇಕು. ಆದರೆ ಕೆಲಸ ಕೊಡಿಸುವ ಆ್ಯಪ್‌ನಲ್ಲಿ ಅವನ ಅರ್ಜಿ ನನ್ನವರೆಗೆ ತಲುಪಿರಲೇ ಇಲ್ಲ. ಅನುಭವ ಎಂಬ ಜಾಗದಲ್ಲಿ ಅವನು 'ವೈರಿಂಗ್ ಮಾಡ್ತೀನಿ' ಎಂದಷ್ಟೇ ಬರೆದಿದ್ದನಂತೆ.

ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ, ಬೆಂಕಿ ಅನಾಹುತದ ಸುದ್ದಿಗಳ ಕೊನೆಯ ಸಾಲನ್ನು ನಾನು ತಪ್ಪದೆ ಓದುತ್ತೇನೆ: 'ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ'. ಪಾಪ, ಶಾರ್ಟ್ ಸರ್ಕ್ಯೂಟಿಗೆ ವಕೀಲರಿಲ್ಲ. ಸರಿಯಾದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದ್ದಲ್ಲಿ ನಿಜವಾದ ಶಾರ್ಟ್ ಸರ್ಕ್ಯೂಟನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಎಷ್ಟೋ ಸಲ ಬೆಂಕಿ ಹತ್ತುವುದು ಸದ್ದಿಲ್ಲದೆ ಬಿಸಿಯೇರುವ ಸಡಿಲ ಜಾಯಿಂಟಿನಿಂದ. ಸ್ಕ್ರೂ ಬಿಗಿಯಾಗದೆ ಅಲ್ಲಿ ಅರ್ಧ ಓಮ್ ಪ್ರತಿರೋಧ ಉಳಿದಿದ್ದರೆ, 10 ಆಂಪಿಯರ್ ಹರಿಯುವಾಗ ಹುಟ್ಟುವ ಶಾಖ 50 ವ್ಯಾಟ್. ಬೆಸುಗೆ ಹಾಕುವ ಸಣ್ಣ ಐರನ್ನಿಗೆ 25 ವ್ಯಾಟ್ ಸಾಕು. ಈ ಲೆಕ್ಕವನ್ನು ಇಂಗ್ಲೆಂಡಿನ ವಿಜ್ಞಾನಿ ಜೌಲ್ 1841ರಲ್ಲೇ ಪ್ರಕಟಿಸಿದ್ದಾನೆ. ಕರೆಂಟು ಮಿತಿಯೊಳಗೇ ಇರುವುದರಿಂದ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಆ ಸ್ಕ್ರೂವನ್ನು ಇನ್ನರ್ಧ ಸುತ್ತು ತಿರುಗಿಸಬೇಕಿದ್ದ ಕೈ ಯಾರದು, ಅದಕ್ಕೆ ಕಲಿಸಿದವರು ಯಾರು ಎಂದು ಶಂಕಿಸುವ ರೂಢಿ ಮಾತ್ರ ಇಲ್ಲ.

ಕಲಿಸುವವರು ಯಾರು ಎಂಬಲ್ಲಿಗೇ ಎಲ್ಲ ಕಳವಳಗಳೂ ಬಾಯಿ ಮುಚ್ಚುತ್ತವೆ. ಹೊಸ ಹುಡುಗನನ್ನು ಸೇರಿಸಿಕೊಂಡರೆ ವರ್ಷವಿಡೀ ಅವನ ಕೈ ಅರ್ಧ, ಅವನಿಗೆ ಹೇಳಿಕೊಡುವ ಹಿರಿಯನ ಕೈಯೂ ಅರ್ಧ. ಮೂರನೆಯ ವರ್ಷ ಅವನು ಒಬ್ಬನೇ ಡಿಬಿ ಕಟ್ಟುವ ಹೊತ್ತಿಗೆ ಪಕ್ಕದ ಗುತ್ತಿಗೆದಾರರು ಅವನ ಮನೆ ಹುಡುಕಿಕೊಂಡು ಹೋಗಿರುತ್ತಾರೆ. ಇದು ಘೋರ ಅನ್ಯಾಯವೆಂದು ನಾನು ಬಹಳ ಕಡೆ ಹೇಳಿದ್ದೇನೆ. ನನ್ನಲ್ಲಿರುವ ಅತ್ಯುತ್ತಮ ವೈರ್‌ಮನ್ ನನಗೆ ಸಿಕ್ಕಿದ್ದೂ ಅದೇ ದಾರಿಯಲ್ಲಿ ಎಂಬುದನ್ನು ಅಲ್ಲೆಲ್ಲೂ ಹೇಳಿಲ್ಲ.

ಇನ್ನು ಗ್ರಾಹಕರು. ಅವರಿಗೆ ನುರಿತವನೇ ಬೇಕು, ಬಂದವನ ನುರಿತ ಬುದ್ಧಿ ಮಾತ್ರ ಬೇಡ. ಕಳೆದ ವಾರ ಒಂದು ಕಚೇರಿಯಲ್ಲಿ ನಮ್ಮ ಹುಡುಗ ಮೇನ್ ಆಫ್ ಮಾಡಬೇಕೆಂದಾಗ, "ಕಂಪ್ಯೂಟರೆಲ್ಲ ಆನ್ ಇದೆ ಕಣಪ್ಪ, ಐದು ನಿಮಿಷದ ಕೆಲಸ, ಹಾಗೇ ಮಾಡಿಬಿಡು" ಎಂದರು. ಇಲ್ಲಿ ನನಗೆ ತಮಾಷೆ ಮಾಡಲು ಆಗುವುದಿಲ್ಲ. ಎಂಸಿಬಿ ಇರುವುದು ವೈರ್ ಸುಡದಿರಲೆಂದು, ಆ ವೈರ್ ಹಿಡಿದ ಮನುಷ್ಯ ಸಾಯದಿರಲೆಂದಲ್ಲ. ಎಂಸಿಬಿ ಟ್ರಿಪ್ ಆಗುವುದಕ್ಕೆ ಎಷ್ಟೋ ಮೊದಲೇ ಅವನ ಎದೆ ನಿಂತಿರುತ್ತದೆ. ಫೈಲ್ ಸೇವ್ ಮಾಡಿಕೊಳ್ಳುವ ತೊಂದರೆ ತಪ್ಪಲೆಂದು ಒಬ್ಬ ಹುಡುಗನನ್ನು ಜೀವಂತ ತಂತಿಗೆ ಕೈಹಾಕು ಎನ್ನುವವರೇ, ಈ ಕೆಲಸಕ್ಕೆ ಹುಡುಗರೇಕೆ ಬರುತ್ತಿಲ್ಲವೆಂದು ಕೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಟೆಸ್ಟರನ್ನು ಮೂರು ಸಲ ಇಟ್ಟು ನೋಡಿದವನು ಸಂಬಳದ ಮಾತಿಗಿಂತ ಮೊದಲು, "ಸೈಟಿನಲ್ಲಿ ಮೇನ್ ಆಫ್ ಮಾಡೋಕೆ ಬಿಡ್ತೀರಾ ಸರ್?" ಎಂದು ಕೇಳಿದ. ಬಿಡುತ್ತೇನೆ ಎಂದೆ. ಸೋಮವಾರದಿಂದ ಬರುತ್ತಿದ್ದಾನೆ. ಅವನ ಹೆಸರನ್ನಾಗಲಿ, ಈಗ ಯಾವ ಸೈಟಿನಲ್ಲಿದ್ದಾನೆಂಬುದನ್ನಾಗಲಿ ಇಲ್ಲಿ ಬರೆಯಲಾರೆ. ಓದುಗರಲ್ಲಿ ಗುತ್ತಿಗೆದಾರರೂ ಇರುತ್ತಾರೆ.