ಬೆನ್ನು ತಿರುಗಿಸಿದ ಮೈಕು

ಬೆಳಿಗ್ಗೆ ರೆಕಾರ್ಡಿಂಗ್ ಎಡಿಟ್ ಮಾಡೋಣ ಅಂತ ಕೂತು ಹೆಡ್‌ಫೋನ್ ಏರಿಸಿದರೆ, "ಸೊಪ್ಪೂ... ದಂಟು, ಸಬ್ಬಸಿಗೆ, ಮೆಂತ್ಯ!" ನೇರ ಕಿವಿಯೊಳಗೇ ಬುಟ್ಟಿ ಇಳಿಸಿದ ಹಾಗೆ. ಅದರ ಹಿಂದೆ, ಬಹಳ ಹಿಂದೆ, ಯಾರೋ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಉತ್ತರಕುಮಾರನ ಕಥೆ ಹೇಳುತ್ತಿದ್ದರು. ಆ ಯಾರೋ ನಮ್ಮ ಮಾವ. ಕೂತಿದ್ದುದು ಮೈಕಿನಿಂದ ಒಂದು ಗೇಣು ದೂರದಲ್ಲಿ.

ಮತ್ತೆ ತಿರುಗಿಸಿಟ್ಟಿದ್ದಾರೆ!

ನಮ್ಮ ಮೈಕಿಗೆ ನೆತ್ತಿಯ ಮೇಲಲ್ಲ, ಮುಖ ನೋಡಿ ಮಾತಾಡಬೇಕು. ಕಂಪನಿ ಹೆಸರು ಇರುವ ಕಡೆಯೇ ಮುಖ. ಸ್ವಿಚ್ಚನ್ನು ಕಾರ್ಡಿಯಾಯ್ಡ್‌ಗೆ ಇಟ್ಟರೆ ಮುಂದಿನ ದನಿ ಹಿಡಿಯುತ್ತದೆ, ಬೆನ್ನಹಿಂದಿನದನ್ನು ಆದಷ್ಟು ಬಿಡುತ್ತದೆ. ಒಳಗೆ ದನಿ ಹಿಡಿಯುವ ಒಂದೇ ಎಲಿಮೆಂಟ್ ಇಟ್ಟು ಈ ಕೆಲಸ ಮಾಡುವ ಮೈಕನ್ನು ಶೂರ್ ಕಂಪನಿಯವರು 1939ರಲ್ಲೇ ಮಾರುಕಟ್ಟೆಗೆ ತಂದರಂತೆ. ಅವರ ಮನೆಯಲ್ಲಿ ನಮ್ಮ ಮಾವ ಇರಲಿಲ್ಲ.

ಮಾವನ ವಾದ ಸರಳ. ಎದುರಿಗೆ ಫೋನಿನ ಕ್ಯಾಮೆರಾ ಇದೆ, ನೋಡುವವರಿಗೆ ಮೈಕಿನ ಹೆಸರು ಕಾಣಬೇಕು. "ಅಷ್ಟು ದುಡ್ಡು ಸುರಿದು ತಂದಿದ್ದೀವಿ, ಹೆಸರು ನನಗೆ ಕಂಡು ಏನಾಗಬೇಕಮ್ಮ?" ಕ್ಯಾಮೆರಾ ಹಿಂದೆ ಕಿಟಕಿ, ಕಿಟಕಿ ಆಚೆ ಬೀದಿ. ನಾನು ಸರಿಯಾಗಿ ಇಟ್ಟು ಕಾಫಿ ತರುವಷ್ಟರಲ್ಲಿ ಹೆಗಲ ಮೇಲಿನ ಟವೆಲ್‌ನಲ್ಲಿ ಮೈಕು ಒರೆಸಿ, ಮೆಲ್ಲಗೆ ಬೀದಿಯ ಕಡೆ ತಿರುಗಿಸಿ, ನೆತ್ತಿಗೆ ಎರಡು ಸಲ ಬೆರಳಲ್ಲಿ ಕುಟ್ಟಿ, "ಫೂ... ಫೂ... ಹಲೋ" ಅಂದು ಶುರುಮಾಡಿಬಿಡುತ್ತಾರೆ. ಗಣಪತಿ ಪೆಂಡಾಲಿನಲ್ಲಿ ಅನೌನ್ಸ್ ಮಾಡಿದ ಕಾಲದ ಅಭ್ಯಾಸ. ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡಿಟ್ಟೆ, ಸ್ಟ್ಯಾಂಡನ್ನೇ ತಿರುಗಿಸಿದರು.

ಅಪರೂಪಕ್ಕೆ ಮುಖ ಸರಿಯಿದ್ದ ದಿನ ಬೇರೆಯ ಗೋಳು. ಕಾರ್ಡಿಯಾಯ್ಡ್‌ನಲ್ಲಿ ಬಾಯಿ ಹತ್ತಿರ ತಂದಷ್ಟೂ ದನಿಗೆ ಬೇಸ್ ತುಂಬಿಕೊಳ್ಳುತ್ತದೆ. ಈ ಗುಟ್ಟು ಗೊತ್ತಾದ ಮೇಲೆ ಮಾವ ಮೈಕಿಗೆ ಮೀಸೆ ತಾಗಿಸಿಯೇ ಮಾತಾಡುವುದು. ಉತ್ತರಕುಮಾರನೂ ಕುಂಭಕರ್ಣನ ದನಿಯಲ್ಲಿ ಗುಡುಗುತ್ತಾನೆ. ಆ ಗುಡುಗಿಗೂ ಫ್ಯಾನಿನ ಗುಂಯ್‌ಗೂ ಸೇರಿಸಿ 80 ಹರ್ಟ್ಸ್‌ಗಿಂತ ಕೆಳಗಿನ ದನಿಯನ್ನು ತಗ್ಗಿಸುವ ಲೋ ಕಟ್ ಹಾಕಿದೆ. "ನನ್ನ ಗಂಟಲೇ ಕೊಯ್ದುಬಿಟ್ಟೆಯಲ್ಲಮ್ಮ!" ಅಂದರು. ಎಲ್ಲ ಕಡೆಯ ದನಿಯನ್ನೂ ಹಿಡಿಯುವ ಓಮ್ನಿಗೆ ಹಾಕಿದರೆ ಬೇಸ್ ಉಬ್ಬುವುದಿಲ್ಲ, ನಿಜ. ಆದರೆ ಕುಕ್ಕರ್, ಮಿಕ್ಸಿ, ಅತ್ತೆಯ ಫೋನು ಎಲ್ಲವೂ ಕಥೆಯೊಳಗೆ ಬಂದು ಕೂರುತ್ತವೆ.

ಕಡೆಗೆ ರಾಜಿ ಮಾಡಿಕೊಂಡು ಫಿಗರ್ ಎಂಟಕ್ಕೆ ಹಾಕಿ ನೋಡಿದ್ದೂ ಆಗಿದೆ. ಅದಕ್ಕೆ ಎದುರೂ ಬೆನ್ನೂ ಒಂದೇ, ಕೇಳಿಸದಿರುವುದು ಎರಡು ಪಕ್ಕ ಮಾತ್ರ. ಮಾವನೂ ಸಿಕ್ಕರು, ಸೊಪ್ಪಿನ ಅಜ್ಜಿಯೂ ಸಿಕ್ಕಿದಳು. ಕೌರವರ ಸೇನೆ ಕಂಡು ಉತ್ತರಕುಮಾರ ರಥದಿಂದ ಧುಮುಕುವ ಹೊತ್ತಿಗೆ ಸರಿಯಾಗಿ ಅಜ್ಜಿ, "ಇಳ್ಕೊಳವ್ವ, ಆಮೇಲೆ ಸಿಗಾಕಿಲ್ಲ!"

ಆ ತುಣುಕನ್ನು ಅಳಿಸಲಿಲ್ಲ. ಈಗ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗೆ ಸೊಪ್ಪು ಬರುವುದು ಸ್ಕೂಟರ್ ಹುಡುಗರ ಚೀಲದಲ್ಲಿ, ಕೂಗೇ ಇಲ್ಲದೆ. ಅಜ್ಜಿಯೂ ದಿನಾ ಬರುವುದಿಲ್ಲ. ಬಂದ ದಿನ ಮಾತ್ರ ತಪ್ಪದೆ ನಮ್ಮ ರೆಕಾರ್ಡಿಂಗ್ ಸಮಯಕ್ಕೇ ಬರುತ್ತಾಳೆ, ಅದು ಬೇರೆ ವಿಷಯ.

ಇವತ್ತು ಮಧ್ಯಾಹ್ನ ಬೇರೆ ದಾರಿ ಹುಡುಕಿದೆ. "ಮಾವ, ಮೈಕಿನ ಬೆನ್ನಿಗೂ ಒಂದು ಹೆಸರಿನ ಸ್ಟಿಕರ್ ಅಂಟಿಸಿಬಿಡ್ತೀನಿ. ಕ್ಯಾಮೆರಾಗೆ ಅದು ಕಾಣಲಿ, ನೀವು ಈ ಕಡೆಯಿಂದ ಮಾತಾಡಿ."

ಮಾವ ಕನ್ನಡಕ ತೆಗೆದು ಯೋಚಿಸಿದರು. "ಅಂಟಿಸೋದೇ ಆದರೆ ಆ ಕಂಪನಿ ಹೆಸರು ಯಾಕಮ್ಮ? ನನ್ನದೇ ಹಾಕ್ಸು. ಇನಿಷಿಯಲ್ ಬಿಡಬೇಡ."